ಟ್ಯೂಷನ್ ಸೆಂಟರ್‌ನಲ್ಲಿ ಪಾರ್ಟ್ ಟೈಮ್ ಕೆಲಸ: ಇಂಟರ್‌ವ್ಯೂ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಟ್ಯೂಷನ್ ಸೆಂಟರ್‌ನಲ್ಲಿ ಪಾಠ ಹೇಳಿದವರು ಅಂತ ಗೊತ್ತಾದರೆ ಸಾಕು, ಪರಿಚಯದವರು ತಮ್ಮ ಮಗನನ್ನೋ ತಂಗಿಯನ್ನೋ ಫೋನಿಗೆ ಕೊಟ್ಟು "ಸ್ವಲ್ಪ ಇವರಿಗೆ ಹೇಳಿ" ಅನ್ನುತ್ತಾರೆ. ನಾನು ಪಾಠವನ್ನೂ ಮಾಡಿದ್ದೇನೆ, ಮೇಜಿನ ಆ ಕಡೆ ಕೂತು ಹೊಸಬರ ಇಂಟರ್‌ವ್ಯೂವನ್ನೂ ಮಾಡಿದ್ದೇನೆ. ಕೇಳುವ ಪ್ರಶ್ನೆಗಳು ಹೆಚ್ಚು ಕಡಿಮೆ ಇವೇ. ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ.

## ಅರ್ಜಿ ಹಾಕುವ ಮೊದಲು

ಟೀಚರ್ ಟ್ರೈನಿಂಗ್ ಆಗಿಲ್ಲ. ನನ್ನನ್ನ ತಗೊಳ್ತಾರಾ?

ತಗೊಳ್ಳುತ್ತಾರೆ. ಪಾರ್ಟ್ ಟೈಮ್ ಟ್ಯೂಟರ್‌ಗಳಲ್ಲಿ ಬಹಳ ಜನ ಕಾಲೇಜು ಓದುತ್ತಿರುವವರೇ. ಬೇರೆ ಕೆಲಸದಲ್ಲಿದ್ದು ಸಂಜೆ ಬಿಡುವಿರುವವರು, ನಿವೃತ್ತರು ಕೂಡ ಇರುತ್ತಾರೆ. ಸೆಂಟರ್ ನೋಡುವುದು ಎರಡು: ಹೇಳಿಕೊಡುವ ವಿಷಯ ನಿಮಗೆ ಸರಿಯಾಗಿ ಬರುತ್ತದಾ, ಮಕ್ಕಳ ಜೊತೆ ಕೂರುವ ತಾಳ್ಮೆ ಇದೆಯಾ. ದೊಡ್ಡ ತರಗತಿಗಳ ಪಾಠಕ್ಕೆ ಅಥವಾ ಪ್ರವೇಶ ಪರೀಕ್ಷೆಯ ತಯಾರಿಗೆ ಮಾತ್ರ ಆ ವಿಷಯದಲ್ಲಿ ಪದವಿ ಕೇಳಬಹುದು. ಅದನ್ನು ಜಾಹೀರಾತಿನಲ್ಲೇ ಹಾಕಿರುತ್ತಾರೆ.

ಪಾಠ ಮಾಡಿದ ಅನುಭವವೇ ಇಲ್ಲ. ರೆಸ್ಯೂಮೆಯಲ್ಲಿ ಏನು ಬರೀಲಿ?

ತಮ್ಮನಿಗೆ ಲೆಕ್ಕ ಹೇಳಿಕೊಟ್ಟಿದ್ದು, ಪಕ್ಕದ ಮನೆ ಹುಡುಗಿಗೆ ವಿಜ್ಞಾನ ಓದಿಸಿದ್ದು, ಪರೀಕ್ಷೆಯ ಹಿಂದಿನ ದಿನ ಗೆಳೆಯರನ್ನು ಕೂರಿಸಿಕೊಂಡು ಪಾಠ ಬಿಡಿಸಿದ್ದು ಎಲ್ಲವೂ ಅನುಭವವೇ. ಆದರೆ "ಮಕ್ಕಳೆಂದರೆ ನನಗೆ ಇಷ್ಟ" ಅಂತ ಬರೆಯಬೇಡಿ, ಅದನ್ನು ಎಲ್ಲರೂ ಬರೆಯುತ್ತಾರೆ. "ಆರನೇ ತರಗತಿಯ ಹುಡುಗನಿಗೆ ಒಂದು ವರ್ಷ, ವಾರಕ್ಕೆ ಎರಡು ದಿನ ಗಣಿತ ಹೇಳಿಕೊಟ್ಟಿದ್ದೇನೆ, ಮುಖ್ಯವಾಗಿ ಭಿನ್ನರಾಶಿ" ಅಂತ ಬರೆದರೆ ಇಂಟರ್‌ವ್ಯೂ ಮಾಡುವವರಿಗೆ ಮುಂದಿನ ಪ್ರಶ್ನೆ ಕೇಳೋಕೆ ಒಂದು ದಾರಿ ಸಿಗುತ್ತದೆ. ನಿಮಗೂ ಗೊತ್ತಿರುವ ವಿಷಯದ ಬಗ್ಗೆಯೇ ಮಾತಾಡುವ ಅವಕಾಶ ಸಿಗುತ್ತದೆ.

ವಾರದ ಯಾವ ದಿನ, ಎಷ್ಟು ಗಂಟೆಯಿಂದ ಎಷ್ಟು ಗಂಟೆವರೆಗೆ ಬಿಡುವು ಅನ್ನುವುದನ್ನು ರೆಸ್ಯೂಮೆಯ ಮೇಲ್ಭಾಗದಲ್ಲೇ ಹಾಕಿ. ಸೆಂಟರ್‌ಗಳಿಗೆ ಜನ ಬೇಕಾಗುವುದು ಶಾಲೆ ಬಿಟ್ಟ ಮೇಲೆ ಮತ್ತು ವಾರದ ಕೊನೆಗೆ. ಅನೇಕರ ಅರ್ಜಿ ಬಿದ್ದುಹೋಗುವುದು ಈ ಸಮಯ ಹೊಂದದೇ ಇರುವುದರಿಂದ.

ವಿಷಯ ಜಾಸ್ತಿ ಬರೆದಷ್ಟೂ ಒಳ್ಳೇದಲ್ವಾ?

ಅಲ್ಲ. ಬರೆದ ಪ್ರತಿ ವಿಷಯದಲ್ಲೂ ಪರೀಕ್ಷೆ ಕೊಡಬಹುದು. ಗಣಿತ ಹತ್ತನೇ ತರಗತಿವರೆಗೆ, ಇಂಗ್ಲಿಷ್ ಏಳರವರೆಗೆ ಅಂತ ಮಿತಿ ಹಾಕಿ ಬರೆದವರನ್ನು ನಂಬುವುದು ಸುಲಭ.

ಎಲ್ಲಾ ಸೆಂಟರೂ ಒಂದೇ ಥರ ತಾನೇ? ಎಲ್ಲದಕ್ಕೂ ಒಂದೇ ತಯಾರಿ ಸಾಕಾ?

ಒಂದೇ ಥರ ಇರುವುದಿಲ್ಲ. ಇಂಟರ್‌ವ್ಯೂಗೆ ಹೋಗುವ ಮೊದಲು ಇದನ್ನೊಂದು ತಿಳಿದುಕೊಳ್ಳಿ.

ಕೆಲವು ಕಡೆ ಎಲ್ಲವೂ ವರ್ಕ್‌ಶೀಟ್ ಮೇಲೆ ನಡೆಯುತ್ತದೆ. ಕುಮೋನ್ ಇದಕ್ಕೆ ಎಲ್ಲರಿಗೂ ಗೊತ್ತಿರುವ ಉದಾಹರಣೆ. ಜಪಾನಿನ ಗಣಿತದ ಮೇಷ್ಟ್ರು ತೋರು ಕುಮೋನ್ 1954ರಲ್ಲಿ ತಮ್ಮ ಮಗನಿಗಾಗಿ ಬರೆದ ಹಾಳೆಗಳಿಂದ ಶುರುವಾದ ಪದ್ಧತಿ ಅದು. ಇಂಥ ಜಾಗದಲ್ಲಿ ಮಗು ತಾನೇ ಹಾಳೆ ಮಾಡುತ್ತಾ ಹೋಗಬೇಕು. ನೀವು ತಿದ್ದಬೇಕು, ಗಮನಿಸಬೇಕು, ಸಿಕ್ಕಿಕೊಂಡ ಕಡೆ ಒಂದು ಸುಳಿವು ಕೊಡಬೇಕು. ಬೋರ್ಡ್ ಮುಂದೆ ನಿಂತು ಭಾಷಣ ಮಾಡುವವರು ಅವರಿಗೆ ಬೇಕಾಗಿಲ್ಲ. ಇನ್ನು ಕೆಲವು ಕಡೆ ಒಬ್ಬ ಟ್ಯೂಟರ್‌ಗೆ ಒಂದೇ ಮಗು. ಇನ್ನೂ ಕೆಲವು ಕಡೆ ಶಾಲೆಯ ಹೋಂವರ್ಕ್ ಮಾಡಿಸುವುದೇ ಕೆಲಸ. ಪ್ರವೇಶ ಪರೀಕ್ಷೆಯ ಸೆಂಟರ್‌ಗಳಲ್ಲಿ ಮಾತ್ರ ವೇಗಕ್ಕೆ, ಪ್ರಶ್ನೆಯ ಜಾಡು ಹಿಡಿಯುವುದಕ್ಕೆ ಜಾಸ್ತಿ ಬೆಲೆ.

ಫೋನ್ ಬಂದಾಗಲೇ "ಒಬ್ಬರು ಟ್ಯೂಟರ್ ಹತ್ತಿರ ಒಂದು ಸಲಕ್ಕೆ ಎಷ್ಟು ಮಕ್ಕಳಿರ್ತಾರೆ?" ಅಂತ ಕೇಳಿಬಿಡಿ. ಆ ಒಂದು ಉತ್ತರದಿಂದ ಅರ್ಧ ಚಿತ್ರ ಸಿಕ್ಕಿಬಿಡುತ್ತದೆ.

## ಇಂಟರ್‌ವ್ಯೂ ದಿನ

ಒಟ್ಟು ಏನೇನು ನಡೆಯುತ್ತೆ?

ಸಾಮಾನ್ಯವಾಗಿ ಮೊದಲು ಫೋನಿನಲ್ಲಿ ಸಣ್ಣ ಮಾತುಕತೆ. ಆಮೇಲೆ ಸೆಂಟರ್‌ನಲ್ಲಿ ಬರವಣಿಗೆ ಪರೀಕ್ಷೆ, ಎದುರುಬದುರು ಇಂಟರ್‌ವ್ಯೂ, ಒಂದು ಡೆಮೊ ಪಾಠ. ಎಲ್ಲವನ್ನೂ ಒಂದೇ ದಿನ ಮುಗಿಸುವವರಿದ್ದಾರೆ, ಎರಡು ಮೂರು ಸಲ ಕರೆಸುವವರೂ ಇದ್ದಾರೆ. ಆಯ್ಕೆಯಾದ ಮೇಲೆ ಹಿನ್ನೆಲೆ ಪರಿಶೀಲನೆ, ಹಳೆಯ ಪರಿಚಯಸ್ಥರ ಹತ್ತಿರ ವಿಚಾರಣೆ, ಟ್ರೈನಿಂಗ್.

ಪರೀಕ್ಷೆಗೆ ಎಷ್ಟು ಓದ್ಕೊಂಡು ಹೋಗ್ಬೇಕು?

ಕಷ್ಟದ ಪಾಠ ಓದುವ ಅಗತ್ಯ ಕಡಿಮೆ, ಮರೆತುಹೋದ ಸುಲಭದ ಪಾಠ ಓದಬೇಕು. ಕ್ಯಾಲ್ಕುಲಸ್ ಮಾಡಿಕೊಂಡು ಬಂದವರು ದೊಡ್ಡ ಭಾಗಾಕಾರವನ್ನು ಕೈಯಲ್ಲಿ ಮಾಡಲಾರದೆ ಬೆವರುತ್ತಾರೆ. ಕ್ಯಾಲ್ಕುಲೇಟರ್ ಕೊಡದೇ ಇರಬಹುದು. ಭಿನ್ನರಾಶಿ, ದಶಮಾಂಶ, ಶೇಕಡಾ, ಋಣ ಸಂಖ್ಯೆಗಳು, ಸರಳ ಸಮೀಕರಣ, ವಿಸ್ತೀರ್ಣ ಇಷ್ಟನ್ನು ಕಾಗದದ ಮೇಲೆ ಒಮ್ಮೆ ಮಾಡಿಕೊಂಡು ಹೋಗಿ. ಭಾಷೆಯ ಟ್ಯೂಟರ್ ಆಗುವವರಿಗೆ ಒಂದು ಪ್ಯಾರಾ ಕೊಟ್ಟು ತಪ್ಪು ತಿದ್ದಿ ಅನ್ನಬಹುದು.

ಹೆಜ್ಜೆ ಹೆಜ್ಜೆಯಾಗಿ ಬರೆಯಿರಿ. ಬರೀ ಉತ್ತರ ಸರಿ ಇದ್ದರೆ ಸಾಲದು. ನಿಮ್ಮ ಹಾಳೆಯನ್ನು ನಾಳೆ ಒಂದು ಮಗು ನೋಡಿ ಕಲಿಯಬಹುದಾ ಅಂತಲೂ ಅವರು ನೋಡುತ್ತಾರೆ.

ಡ್ರೆಸ್ ಹೇಗಿರಬೇಕು?

ಶಾಲೆಯಲ್ಲಿ ಪಾಲಕರ ಸಭೆಗೆ ಹೋಗುವಾಗ ಹಾಕಿಕೊಳ್ಳುವಂಥ ಬಟ್ಟೆ ಸಾಕು. ಕೋಟು, ಟೈ ಬೇಡ.

"ಈ ಕೆಲಸ ಯಾಕೆ ಬೇಕು?" ಅಂದ್ರೆ ದುಡ್ಡಿಗೆ ಅಂತ ಹೇಳಬಹುದಾ?

ಹೇಳಬಹುದು, ಅದೊಂದೇ ಕಾರಣ ಆಗಬಾರದು ಅಷ್ಟೇ. ಪಾರ್ಟ್ ಟೈಮ್ ಕೆಲಸಕ್ಕೆ ಯಾರೂ ಸಮಾಜಸೇವೆಗೆ ಬರುವುದಿಲ್ಲ ಅಂತ ಎದುರಿಗೆ ಕೂತವರಿಗೂ ಗೊತ್ತು. "ಓದಿನ ಖರ್ಚಿಗೆ ಕೆಲಸ ಬೇಕು. ಅಂಗಡಿಯಲ್ಲಿ ನಿಲ್ಲೋದಕ್ಕಿಂತ ಇದರಲ್ಲಿ ನನಗೆ ಆಸಕ್ತಿ, ಯಾಕಂದ್ರೆ ನನಗೂ ಎಂಟನೇ ತರಗತಿವರೆಗೆ ಗಣಿತ ಅಂದ್ರೆ ಭಯ ಇತ್ತು" ಅಂದ ಒಬ್ಬ ಹುಡುಗನ ಮಾತು ನನಗೆ ಇನ್ನೂ ನೆನಪಿದೆ. ಭಯ ಹೇಗೆ ಹೋಯ್ತು ಅಂತ ಕೇಳಿದೆ. ಇಂಟರ್‌ವ್ಯೂ ಅಲ್ಲಿಂದ ತಾನಾಗೇ ಹರಿಯಿತು.

ಡೆಮೊದಲ್ಲಿ ಎದುರಿಗೆ ಕೂರೋದು ಮಗು ಅಲ್ಲ, ದೊಡ್ಡವರು. ನಾಟಕ ಆಡೋಕೆ ನಾಚಿಕೆ. ಏನ್ಮಾಡ್ಲಿ?

ನಾಟಕ ಆಡುವುದು ಅವರು, ನೀವಲ್ಲ. ನೀವು ನೀವಾಗಿಯೇ ಇದ್ದು, ಎದುರಿಗಿರುವವರು ಹೇಳುವುದನ್ನು ಕೇಳಿಸಿಕೊಂಡರೆ ಸಾಕು. ಈ ಕೇಳಿಸಿಕೊಳ್ಳುವ ಕಡೆಯೇ ಜನ ಎಡವುವುದು, ಅದಕ್ಕೇ ಇಲ್ಲಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ನಾನು ಐದನೇ ತರಗತಿಯ ಮಗುವಾಗಿ ಕೂತು ಕಾಗದದ ಮೇಲೆ 1/2 + 1/3 = 2/5 ಅಂತ ಬರೆಯುತ್ತಿದ್ದೆ. ಮುಂದೆ ನಡೆಯುತ್ತಿದ್ದದ್ದು ಸಾಮಾನ್ಯವಾಗಿ ಹೀಗೆ: ಎದುರಿಗಿದ್ದವರು ನನ್ನ ಕೈಯಿಂದ ಪೆನ್ನು ತೆಗೆದುಕೊಳ್ಳುತ್ತಿದ್ದರು. "ಇದು ತಪ್ಪು ಪುಟ್ಟಾ. ಛೇದ ಒಂದೇ ಮಾಡ್ಕೋಬೇಕು. ಲ.ಸಾ.ಅ. ಆರು. ಮೂರು ಬೈ ಆರು, ಎರಡು ಬೈ ಆರು, ಒಟ್ಟು ಐದು ಬೈ ಆರು. ಅರ್ಥ ಆಯ್ತಾ?" ನಾನು ತಲೆ ಆಡಿಸುತ್ತಿದ್ದೆ. ಲೆಕ್ಕವೇನೋ ಸರಿ. ಆದರೆ ನಾನು 2/5 ಯಾಕೆ ಬರೆದೆ ಅಂತ ಅವರಿಗೆ ಗೊತ್ತಾಗಲೇ ಇಲ್ಲ.

ಒಬ್ಬಾಕೆ ಪೆನ್ನು ಮುಟ್ಟಲಿಲ್ಲ. "ಇದು ಹೇಗೆ ಬಂತು, ಹೇಳ್ತೀಯಾ?" ಅಂದರು. ಮೇಲಿನದ್ದು ಮೇಲೆ ಕೂಡಿದೆ, ಕೆಳಗಿನದ್ದು ಕೆಳಗೆ ಕೂಡಿದೆ ಅಂದೆ. "ಸರಿ. 2/5 ಅನ್ನೋದು ಅರ್ಧಕ್ಕಿಂತ ಜಾಸ್ತಿನಾ, ಕಡಿಮೆನಾ?" ಸ್ವಲ್ಪ ಯೋಚಿಸಿದ ಹಾಗೆ ಮಾಡಿ, ಕಡಿಮೆ ಅಂದೆ. "ನಾವು ಅರ್ಧ ಇಟ್ಕೊಂಡು ಅದಕ್ಕೆ ಇನ್ನೊಂದಿಷ್ಟು ಸೇರಿಸಿದ್ವಿ ಅಲ್ವಾ? ಆಮೇಲೆ ಅರ್ಧಕ್ಕಿಂತ ಕಡಿಮೆ ಆಗೋಯ್ತಾ?" ಅಂತ ಕೇಳಿ ಸುಮ್ಮನಾದರು. ಅವರು ಲ.ಸಾ.ಅ. ಹೆಸರೇ ಎತ್ತಿರಲಿಲ್ಲ. ಆದರೆ ತಪ್ಪು ಎಲ್ಲಿದೆ ಅಂತ ಮಗುವಿಗೇ ಕಾಣಿಸಿಬಿಟ್ಟಿತ್ತು. ಅವರನ್ನು ಅವತ್ತೇ ಆಯ್ಕೆ ಮಾಡಿದೆವು.

ಡೆಮೊ ಐದು ಹತ್ತು ನಿಮಿಷದ್ದಾದ್ದರಿಂದ ಚಿಕ್ಕ ವಿಷಯ ಆರಿಸಿಕೊಳ್ಳಿ. "ದ್ಯುತಿಸಂಶ್ಲೇಷಣೆ" ಪೂರ್ತಿ ಬೇಡ, "ಎಲೆ ಹಸಿರಾಗಿರೋದು ಯಾಕೆ" ಸಾಕು. ಮಕ್ಕಳು ಸಾಮಾನ್ಯವಾಗಿ ಮಾಡುವ ತಪ್ಪುಗಳನ್ನೂ ನೆನಪು ಮಾಡಿಕೊಂಡು ಹೋಗಿ. 45 ದೊಡ್ಡದು, 5 ಚಿಕ್ಕದು, ಹಾಗಾಗಿ 0.45 ಅನ್ನುವುದು 0.5ಕ್ಕಿಂತ ದೊಡ್ಡದು ಅಂದುಕೊಳ್ಳುವ ಮಕ್ಕಳು ಬಹಳ. ಮೈನಸ್ ಇಂಟು ಮೈನಸ್ ಪ್ಲಸ್ ಅಂತ ಬಾಯಿಪಾಠ ಮಾಡಿ, ಕೂಡುವಾಗಲೂ ಅದನ್ನೇ ಹಾಕುವವರಿದ್ದಾರೆ: ಮೈನಸ್ 3ಕ್ಕೆ ಮೈನಸ್ 2 ಕೂಡಿ ಪ್ಲಸ್ 5 ಅನ್ನುತ್ತಾರೆ. ಇಂಥ ತಪ್ಪನ್ನೇ ಎದುರಿಗಿಡುವ ಸಾಧ್ಯತೆ ಜಾಸ್ತಿ.

ಕೊನೆಗೆ "ಅರ್ಥ ಆಯ್ತಾ?" ಅಂತ ಕೇಳಿ ಎದ್ದು ಬರಬೇಡಿ. ಮಕ್ಕಳು ಅದಕ್ಕೆ ಹೂಂ ಅಂತಲೇ ಹೇಳುವುದು. ಅದೇ ಜಾತಿಯ ಇನ್ನೊಂದು ಲೆಕ್ಕ ಕೊಟ್ಟು, ನೀವು ಸುಮ್ಮನಿದ್ದು, ಅವರೊಬ್ಬರೇ ಮಾಡಲಿ.

ಪ್ರಶ್ನೆ ಕೇಳಿದ್ರೆ ಅವರು ಸುಮ್ನೆ ಕೂತುಬಿಟ್ಟರೆ? ಆ ಮೌನ ತಡ್ಕೊಳ್ಳೋಕೆ ಆಗಲ್ಲ.

ತಡೆದುಕೊಳ್ಳಿ. ಬೇಕಂತಲೇ ಸುಮ್ಮನೆ ಕೂತಿರುತ್ತಾರೆ. ಮೇರಿ ಬಡ್ ರೋ ಅನ್ನುವ ಅಮೆರಿಕದ ಶಿಕ್ಷಣ ತಜ್ಞೆ 1970ರ ದಶಕದಲ್ಲಿ ತರಗತಿಗಳ ಮಾತುಕತೆಯನ್ನು ರೆಕಾರ್ಡ್ ಮಾಡಿ ಅಳೆದು ನೋಡಿದರು. ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಕಾಯುತ್ತಿದ್ದದ್ದು ಸರಾಸರಿ ಒಂದು ಸೆಕೆಂಡಿನಷ್ಟು. ಅದನ್ನು 3 ಸೆಕೆಂಡಿಗೆ ಏರಿಸಿದಾಗ ಮಕ್ಕಳ ಉತ್ತರ ಉದ್ದವಾಯಿತು, ಸುಮ್ಮನಿರುತ್ತಿದ್ದವರೂ ಬಾಯಿ ಬಿಟ್ಟರು. ಮನಸ್ಸಿನಲ್ಲೇ ಒಂದರಿಂದ ಐದು ಎಣಿಸಿ. ಆಮೇಲೂ ಮಾತಿಲ್ಲದಿದ್ದರೆ ಉತ್ತರ ಹೇಳಿಬಿಡಬೇಡಿ, ಪ್ರಶ್ನೆಯನ್ನು ಚಿಕ್ಕದು ಮಾಡಿ.

ನನಗೇ ಉತ್ತರ ಗೊತ್ತಿಲ್ಲದ ಪ್ರಶ್ನೆ ಬಂದ್ರೆ ಮಾನ ಹೋಗಲ್ವಾ?

ಗೊತ್ತಿಲ್ಲ ಅಂದರೆ ಹೋಗುವುದಿಲ್ಲ, ಬುರುಡೆ ಬಿಟ್ಟರೆ ಹೋಗುತ್ತದೆ. "ಇದು ನನಗೆ ಖಚಿತ ಇಲ್ಲ, ಬಾ ನಿನ್ನ ಪುಸ್ತಕದಲ್ಲೇ ಹುಡುಕೋಣ" ಅನ್ನಿ. ಹುಡುಕುವ ರೀತಿಯನ್ನು ಮಗುವಿಗೆ ತೋರಿಸುವುದೂ ಪಾಠವೇ. ಆದರೆ ನೀವೇ ಬರೆದುಕೊಟ್ಟ ವಿಷಯದ ಮೂಲ ಪಾಠದಲ್ಲೇ ಹೀಗಾದರೆ ಅದಕ್ಕೆ ವಿನಾಯಿತಿ ಇಲ್ಲ.

## ಸಿಕ್ಕಿಹಾಕಿಸುವ ಪ್ರಶ್ನೆಗಳು

"ಹೋಂವರ್ಕ್ ನೀವೇ ಮಾಡಿಕೊಡಿ ಅಂತ ಮಗು ಹಟ ಹಿಡಿದರೆ?" ಅಂತ ಕೇಳಿದ್ರು. ಏನು ಹೇಳಬೇಕಿತ್ತು?

"ಮಾಡಿಕೊಡಲ್ಲ" ಅನ್ನುವುದು ಅರ್ಧ ಉತ್ತರ. ಆಮೇಲೇನು ಅನ್ನುವುದು ಅವರಿಗೆ ಬೇಕು. ಹಟದ ಹಿಂದೆ ಸುಸ್ತೋ ಹಸಿವೋ ಇರಬಹುದು, ಲೆಕ್ಕ ಅರ್ಥವಾಗದೇ ಇರಬಹುದು, ನಾಳೆ ಕೊಡದಿದ್ದರೆ ಬೈಸಿಕೊಳ್ಳುವ ಭಯ ಇರಬಹುದು. ಅಂಥದ್ದೇ ಬೇರೆ ಲೆಕ್ಕವನ್ನು ನಾನು ಮಾಡಿ ತೋರಿಸುತ್ತೇನೆ, ಹೋಂವರ್ಕಿನ ಮೊದಲ ಸಾಲನ್ನು ಇಬ್ಬರೂ ಸೇರಿ ಬರೆಯುತ್ತೇವೆ, ಎರಡನೆಯದು ಅವನದೇ ಅಂತ ಹೇಳಿದರೆ ನೀವು ಮಕ್ಕಳ ಜೊತೆ ಕೂತವರು ಅಂತ ಗೊತ್ತಾಗುತ್ತದೆ.

"ಮೂರು ತಿಂಗಳಾಯ್ತು, ಅಂಕ ಏರಿಲ್ಲ ಅಂತ ಅಪ್ಪ ಅಮ್ಮ ರೇಗಿದರೆ?"

ಶಾಲೆಯನ್ನೂ ದೂರಬೇಡಿ, ಮಗುವನ್ನೂ ದೂರಬೇಡಿ. ಮೊದಲು ಪೂರ್ತಿ ಕೇಳಿಸಿಕೊಳ್ಳುತ್ತೇನೆ, ಇಷ್ಟು ದಿನ ಏನು ಮಾಡಿದ್ದೇವೆ ಅಂತ ಹಾಳೆ ತೋರಿಸುತ್ತೇನೆ, ಮುಂದಿನ ಮಾತಿಗೆ ಸೆಂಟರ್ ನಡೆಸುವವರನ್ನೂ ಕರೆಯುತ್ತೇನೆ ಅನ್ನಿ. ಪಾರ್ಟ್ ಟೈಮ್ ಟ್ಯೂಟರ್ ಒಬ್ಬರೇ ಪಾಲಕರಿಗೆ ಭರವಸೆ ಕೊಡುವುದು ಸೆಂಟರ್‌ಗೆ ಇಷ್ಟವಾಗುವುದಿಲ್ಲ, ಅದು ಸರಿ ಕೂಡ. ಮಗು ಅಲ್ಲೇ ನಿಂತಿದ್ದರೆ ಅದನ್ನು ಆಚೆ ಕಳಿಸಿ ಮಾತಾಡುತ್ತೇನೆ ಅನ್ನುವವರು ಕಡಿಮೆ. ಹಾಗೆ ಅಂದವರನ್ನು ನಾನು ಗುರುತು ಹಾಕಿಕೊಳ್ಳುತ್ತಿದ್ದೆ.

ಒಂದೇ ಸಲ ಮೂರು ಮಕ್ಕಳು, ಮೂರು ಬೇರೆ ತರಗತಿ. ಹೇಗೆ ಸಂಭಾಳಿಸ್ತೀರಿ ಅಂತಾರೆ.

ಯಾರಿಗೆ ಮೊದಲು ಕೆಲಸ ಹಚ್ಚುತ್ತೀರಿ ಅನ್ನುವುದರಲ್ಲಿ ಉತ್ತರ ಇದೆ. ತಾನೇ ಮಾಡಿಕೊಳ್ಳಬಲ್ಲ ಮಗುವಿಗೆ ಮೊದಲು ನಾಲ್ಕು ಲೆಕ್ಕ ಕೊಡಿ. ಓದಿಕೊಳ್ಳಬೇಕಾದವರಿಗೆ ಪುಟ ತೆಗೆದುಕೊಡಿ. ಆಮೇಲೆ ಹೊಸ ಪಾಠ ಬೇಕಾದವರ ಪಕ್ಕ ಕೂತುಕೊಳ್ಳಿ. ಐದಾರು ನಿಮಿಷಕ್ಕೊಮ್ಮೆ ಎಲ್ಲರ ಹಾಳೆ ಮೇಲೂ ಕಣ್ಣು ಹಾಯಿಸಿ. ಅನ್ನ, ಸಾರು, ಪಲ್ಯ ಮೂರನ್ನೂ ಒಲೆ ಮೇಲಿಟ್ಟುಕೊಂಡವರು ಮಾಡುವುದೂ ಇದನ್ನೇ. ಜಾಸ್ತಿ ಕೈ ಎತ್ತುವ ಮಗುವೇ ಎಲ್ಲ ಸಮಯ ತಿಂದುಬಿಡುತ್ತದೆ, ಸುಮ್ಮನೆ ಕೂತಿರುವವರ ಹತ್ತಿರ ನಾನೇ ಹೋಗುತ್ತೇನೆ ಅಂತ ಸೇರಿಸಿ.

ಮಗುವಿಗೆ ಓದೋಕೆ ತುಂಬಾ ಕಷ್ಟ ಇದೆ ಅನ್ನಿಸಿದರೆ ಪಾಲಕರಿಗೆ ಹೇಳ್ಬೇಕಾ?

ನೋಡಿದ್ದನ್ನು ಸೆಂಟರ್‌ನವರಿಗೆ ಹೇಳಿ, ರೋಗದ ಹೆಸರು ಹೇಳಬೇಡಿ. "ಸಾಲು ಬಿಟ್ಟು ಓದ್ತಾನೆ, ಒಂದೇ ಪದವನ್ನು ಮೂರು ಸಲ ಮೂರು ಥರ ಓದಿದ" ಅನ್ನುವುದು ಗಮನಿಸಿದ ಮಾತು. "ಅವನಿಗೆ ಡಿಸ್‌ಲೆಕ್ಸಿಯಾ ಇದೆ" ಅನ್ನುವುದನ್ನು ತರಬೇತಿ ಪಡೆದ ತಜ್ಞರು ಪರೀಕ್ಷಿಸಿ ಹೇಳಬೇಕು. ಇಂಟರ್‌ವ್ಯೂನಲ್ಲೂ ಇದೇ ಗೆರೆಯನ್ನು ನೋಡುತ್ತಾರೆ.

ಮಕ್ಕಳ ಸುರಕ್ಷತೆ ಬಗ್ಗೆ ಅಷ್ಟೊಂದು ಕೇಳ್ತಾರೆ. ನನ್ನ ಮೇಲೇ ಅನುಮಾನನಾ?

ಅನುಮಾನ ಅಲ್ಲ. ಎಲ್ಲರನ್ನೂ ಕೇಳುತ್ತಾರೆ, ಕೇಳದ ಸೆಂಟರ್ ಬಗ್ಗೆಯೇ ಯೋಚಿಸಬೇಕು. ಮಗುವಿನ ಜೊತೆ ಬಾಗಿಲು ಹಾಕಿದ ಕೋಣೆಯಲ್ಲಿ ಒಬ್ಬರೇ ಕೂರುವುದಿಲ್ಲ, ಹೊರಗಿನವರಿಗೆ ಕಾಣುವ ಜಾಗದಲ್ಲೇ ಪಾಠ. ಸ್ವಂತ ನಂಬರಿನಿಂದ ಮಕ್ಕಳಿಗೆ ಮೆಸೇಜ್ ಮಾಡುವುದಿಲ್ಲ. ಅವರ ಫೋಟೋ ಎಲ್ಲಿಯೂ ಹಾಕುವುದಿಲ್ಲ. ಮನೆಗೆ ಬಿಡುವ ಉಪಕಾರಕ್ಕೂ ಹೋಗುವುದಿಲ್ಲ.

ಇನ್ನೊಂದು ಪ್ರಶ್ನೆ ಬರುತ್ತದೆ: "ಮನೇಲಿ ಹೊಡೀತಾರೆ, ಯಾರಿಗೂ ಹೇಳಬೇಡಿ ಅಂತ ಮಗು ಅಂದರೆ?" ಗುಟ್ಟಾಗಿ ಇಡುತ್ತೇನೆ ಅಂತ ಮಾತು ಕೊಡಬಾರದು. ಶಾಂತವಾಗಿ ಕೇಳಿಸಿಕೊಂಡು, ಕೆದಕಿ ಕೆದಕಿ ಪ್ರಶ್ನೆ ಹಾಕದೆ, ಮಗು ಹೇಳಿದ ಮಾತನ್ನು ಅದೇ ಪದಗಳಲ್ಲಿ ಬರೆದಿಟ್ಟು ಅವತ್ತೇ ಜವಾಬ್ದಾರಿ ಇರುವವರಿಗೆ ತಿಳಿಸಬೇಕು. ಎಷ್ಟೋ ಕಡೆ ಇದು ಕಾನೂನೇ ಆಗಿದೆ.

"ಒಬ್ಬೊಬ್ಬರಿಗೇ ಪಾಠ ಮಾಡಿದ್ರೆ ಮಗು ಖಂಡಿತ ಮುಂದೆ ಬರುತ್ತೆ ಅಂತ ಪಾಲಕರಿಗೆ ಹೇಳ್ತೀರಾ?" ಅಂದ್ರು. ಹೌದು ಅನ್ನಬೇಕಾ?

"ಖಂಡಿತ" ಅನ್ನುವ ಪದ ಬಿಟ್ಟು ಹೌದು ಅನ್ನಿ. ಅಮೆರಿಕದ ಶಿಕ್ಷಣ ಮನಶ್ಶಾಸ್ತ್ರಜ್ಞ ಬೆಂಜಮಿನ್ ಬ್ಲೂಮ್ 1984ರಲ್ಲಿ ಬರೆದ ಲೇಖನವನ್ನು ಈ ಉದ್ಯಮದವರು ಬಹಳ ಉದಾಹರಿಸುತ್ತಾರೆ. ಒಬ್ಬೊಬ್ಬರಿಗೇ ಪಾಠ ಹೇಳಿಸಿಕೊಂಡ ಸರಾಸರಿ ವಿದ್ಯಾರ್ಥಿ ಮಾಮೂಲಿ ತರಗತಿಯ ಶೇ. 98ರಷ್ಟು ಮಕ್ಕಳಿಗಿಂತ ಮುಂದಿದ್ದ ಅನ್ನುವುದು ಅದರ ಸಾರ. ಅಲ್ಲಿ ಒಂದು ಪಾಠ ಪೂರ್ತಿ ಬರುವವರೆಗೆ ಮುಂದಕ್ಕೆ ಹೋಗುತ್ತಿರಲಿಲ್ಲ ಅನ್ನುವುದನ್ನು ಯಾರೂ ಹೇಳುವುದಿಲ್ಲ. ಆಮೇಲೆ 2011ರಲ್ಲಿ ಕರ್ಟ್ ವ್ಯಾನ್‌ಲೆನ್ ಅನ್ನುವ ಸಂಶೋಧಕರು ಹಲವು ಅಧ್ಯಯನಗಳನ್ನು ಒಟ್ಟಿಗೆ ನೋಡಿದಾಗ ಸಿಕ್ಕ ಲಾಭ ಬ್ಲೂಮ್ ಹೇಳಿದ ಲಾಭದ ಅರ್ಧಕ್ಕಿಂತ ಕಡಿಮೆ. ಅದೂ ದೊಡ್ಡದೇ, ಆದರೆ ಗ್ಯಾರಂಟಿ ಅಲ್ಲ.

"ಇನ್ನೂ ಜಾಸ್ತಿ ಗಂಟೆ ಸೇರಿಸಿ ಅಂತ ನೀವೇ ಪಾಲಕರಿಗೆ ಹೇಳಬೇಕು" ಅಂತ ಇಂಟರ್‌ವ್ಯೂನಲ್ಲೇ ಒತ್ತಿ ಹೇಳಿದರೆ ಅದು ಪಾಠಕ್ಕಿಂತ ಮಾರಾಟದ ಕೆಲಸ. ಒಪ್ಪುವುದು ಬಿಡುವುದು ನಿಮಗೆ ಬಿಟ್ಟಿದ್ದು, ಗೊತ್ತಿದ್ದು ಒಪ್ಪಿ.

## ಸಂಬಳ, ಸಮಯ, ಒಪ್ಪಂದ

ಸಂಬಳದ ಮಾತು ಯಾವಾಗ ತೆಗೀಬೇಕು? ಕೇಳೋಕೆ ಸಂಕೋಚ.

ಅವರು "ನಿಮಗೇನಾದ್ರೂ ಕೇಳೋದಿದೆಯಾ?" ಅಂದಾಗ. ಗಂಟೆಗೆ ಎಷ್ಟು ಅನ್ನುವುದು ಮೊದಲ ಪ್ರಶ್ನೆ, ಯಾವ ಗಂಟೆಗೆ ಅನ್ನುವುದು ಎರಡನೆಯದು. ಈ ಎರಡನೆಯದನ್ನು ಯಾರೂ ಕೇಳುವುದಿಲ್ಲ. ಪಾಠ 2 ಗಂಟೆ, ಅದಕ್ಕೆ ತಯಾರಿ ಅರ್ಧ ಗಂಟೆ, ಕೊನೆಗೆ ತಿದ್ದಿ ವರದಿ ಬರೆಯಲು ಇನ್ನರ್ಧ ಗಂಟೆ ಅಂದುಕೊಳ್ಳಿ. ಪಾಠದ ಸಮಯಕ್ಕೆ ಮಾತ್ರ ದುಡ್ಡು ಕೊಟ್ಟರೆ ನಿಮಗೆ ಗಂಟೆಗೆ ನಿಜಕ್ಕೂ ಸಿಗುವುದು ಹೇಳಿದ ದರದ ಮೂರನೇ ಎರಡು ಭಾಗ. ಓಡಾಟದ ಸಮಯ ಇದರಲ್ಲಿ ಸೇರಿಲ್ಲ.

ಟ್ರೈನಿಂಗ್ ದಿನಗಳಿಗೆ ಸಂಬಳ ಇದೆಯಾ, ಮಗು ಕೊನೇ ಗಳಿಗೆಯಲ್ಲಿ ಬರದಿದ್ದರೆ ಆ ಗಂಟೆಯ ಕಥೆ ಏನು, ವಾರಕ್ಕೆ ಇಷ್ಟು ಗಂಟೆ ಅಂತ ಮಾತಿದೆಯಾ ಅಂತಲೂ ಕೇಳಿ. ಶಾಲೆಗೆ ರಜೆ ಬಂದಾಗ ಗಂಟೆಗಳು ಕರಗಿಹೋಗುವುದು ಈ ಕೆಲಸದಲ್ಲಿ ಮಾಮೂಲು.

ಮಕ್ಕಳಿಗೆ ಪರೀಕ್ಷೆ ಇರೋವಾಗಲೇ ನನಗೂ ಪರೀಕ್ಷೆ. ಈಗಲೇ ಹೇಳಿದ್ರೆ ಕೆಲಸ ಕೈತಪ್ಪುತ್ತಾ?

ಈಗಲೇ ಹೇಳಿ. ಸೆಂಟರ್‌ಗೆ ಅದು ಅತಿ ಹೆಚ್ಚು ಕೆಲಸದ ಸಮಯ. ಆ ವಾರ ಬಂದ ಮೇಲೆ ರಜೆ ಕೇಳಿದರೆ ಜಗಳ ಗ್ಯಾರಂಟಿ. ಮೊದಲೇ ದಿನಾಂಕ ಕೊಟ್ಟು, "ಆ ಎರಡು ವಾರ ವಾರದ ಕೊನೆಯಲ್ಲಿ ಮಾತ್ರ ಬರಬಲ್ಲೆ" ಅಂದರೆ ಬಹಳ ಜನ ಒಪ್ಪುತ್ತಾರೆ.

"ಇಲ್ಲಿನ ಮಕ್ಕಳಿಗೆ ಹೊರಗೆ ಪಾಠ ಹೇಳುವಂತಿಲ್ಲ" ಅಂತ ಒಪ್ಪಂದದಲ್ಲಿದೆ. ಸಹಿ ಹಾಕ್ಲಾ?

ಇಂಥ ಷರತ್ತು ಸಾಮಾನ್ಯ, ಅದರಲ್ಲಿ ನ್ಯಾಯವೂ ಇದೆ. ಮಕ್ಕಳನ್ನು ಹುಡುಕಿ ತಂದದ್ದು ಅವರು. ಎಷ್ಟು ಕಾಲದವರೆಗೆ ಅನ್ನುವುದನ್ನು ಮಾತ್ರ ಓದಿ. ಸೆಂಟರ್‌ನ ಮಕ್ಕಳಿಗೆ ಅನ್ನುವುದು ಬೇರೆ, ಯಾರಿಗೂ ಎಲ್ಲಿಯೂ ಪಾಠ ಹೇಳುವಂತಿಲ್ಲ ಅನ್ನುವುದು ಬೇರೆ. ಎರಡನೆಯದಿದ್ದರೆ ತೆಗೆಸಿ, ಇಲ್ಲ ಬಿಟ್ಟುಬಿಡಿ. ನಿಮ್ಮನ್ನು ನೌಕರರಾಗಿ ತಗೊಳ್ಳುತ್ತಿದ್ದಾರಾ, ಗುತ್ತಿಗೆ ಮೇಲಾ ಅನ್ನುವುದನ್ನೂ ನೋಡಿ. ತೆರಿಗೆ, ರಜೆ, ಅಪಘಾತವಾದರೆ ಹೊಣೆ ಯಾರದು, ಎಲ್ಲವೂ ಅದರ ಮೇಲೆ ನಿಂತಿದೆ.

ಕೆಲಸಕ್ಕೆ ಸೇರೋಕೆ ಡಿಪಾಸಿಟ್ ಕೇಳ್ತಿದ್ದಾರೆ. ಒರಿಜಿನಲ್ ಸರ್ಟಿಫಿಕೇಟೂ ಅವರ ಹತ್ರನೇ ಇರಬೇಕಂತೆ.

ಬೇಡ. ಮೂಲ ದಾಖಲೆ ತೋರಿಸಿ, ನಕಲು ಕೊಟ್ಟು ಬನ್ನಿ. ಕೆಲಸ ಕೊಡುವವರಿಗೆ ನೀವು ದುಡ್ಡು ಕೊಡುವ ಮಾತು ಬಂದರೆ ಅಲ್ಲಿಗೇ ನಮಸ್ಕಾರ ಹೇಳಿ.

ಒಂದು ವಾರ ಆಯ್ತು, ಫೋನೇ ಇಲ್ಲ. ಮತ್ತೆ ಕೇಳಿದ್ರೆ ಗೋಗರೆದ ಹಾಗಾಗುತ್ತಾ?

ಆಗುವುದಿಲ್ಲ. ಸೆಂಟರ್ ನಡೆಸುವವರು ಸಂಜೆಯೆಲ್ಲ ಮಕ್ಕಳ ಮಧ್ಯೆ ಇರುತ್ತಾರೆ, ಮರೆತಿರುವ ಸಾಧ್ಯತೆಯೇ ಜಾಸ್ತಿ. ಮಕ್ಕಳು ಬರುವ ಹೊತ್ತು ಬಿಟ್ಟು, ಬೆಳಿಗ್ಗೆಯೋ ಮಧ್ಯಾಹ್ನವೋ ಫೋನ್ ಮಾಡಿ. ಅಥವಾ ಎರಡು ಸಾಲು ಬರೆಯಿರಿ: ಯಾವತ್ತು ಬಂದಿದ್ದೆ, ಯಾವ ವಿಷಯಕ್ಕೆ, ಯಾವ ದಿನಗಳಲ್ಲಿ ಬರಬಲ್ಲೆ. ಆಯ್ಕೆಯಾಗಿಲ್ಲ ಅಂದರೆ ಡೆಮೊದಲ್ಲಿ ಏನು ಕಮ್ಮಿಯಾಯ್ತು ಅಂತ ಕೇಳಿ, ಕೆಲವರು ಬಿಡಿಸಿ ಹೇಳುತ್ತಾರೆ. ಹೊಸ ಮಕ್ಕಳು ಸೇರುವ ಸಮಯದಲ್ಲಿ ಇನ್ನೊಂದು ಸಲ ವಿಚಾರಿಸಿ. ಸೆಂಟರ್‌ಗಳಲ್ಲಿ ಟ್ಯೂಟರ್‌ಗಳು ಬರುತ್ತಾ ಹೋಗುತ್ತಾ ಇರುತ್ತಾರೆ, ಮೊದಲ ಸಲ ಜಾಗ ಇಲ್ಲ ಅಂದವರೇ ಎರಡು ತಿಂಗಳು ಬಿಟ್ಟು "ನಾಳೆಯಿಂದ ಬರ್ತೀರಾ?" ಅನ್ನುವುದುಂಟು.